ನಮ್ಮ ಒರತೆಯ ಮೇಲೆ ಮಲಗಿರುವ ಹಿರಿಯರಿಗೆ

ಇವರಿಗೆ,
ಹೆಸರು ಗೊತ್ತಿಲ್ಲದ ಹಿರಿಯರು (ಸದ್ಯಕ್ಕೆ ಕೆಳದವಡೆ ಮಾತ್ರ),
ನಕಲಾಲೆ ಹೊಳೆಯ ಎಡದಂಡೆ,
ತುರ್ಕಾನಾ ಸರೋವರದ ಪಡುವಣ ಸೀಮೆ.

ಮಾನ್ಯರೇ, ಮಾನ್ಯರಿಗೆಲ್ಲ ಮಾನ್ಯರಾದವರೇ, ಹದಿನೈದು ಲಕ್ಷ ವರ್ಷಗಳಿಂದ ಯಾರ ತಂಟೆಗೂ ಹೋಗದೆ ಒಂದೇ ಮಗ್ಗುಲಲ್ಲಿ ಮಲಗಿರುವ ಪೂಜ್ಯರೇ,

ಮೊದಲಿಗೆ ತಮ್ಮ ದವಡೆಗೆ ನನ್ನ ನಮಸ್ಕಾರಗಳು. ತಾವು ಕ್ಷೇಮವೆಂದು ಭಾವಿಸುತ್ತೇನೆ. ಹಲ್ಲುನೋವು ಬಿಟ್ಟರೆ ಬೇರಾವ ಕಾಯಿಲೆಯೂ ತಮ್ಮ ಹತ್ತಿರ ಸುಳಿಯುವ ಸಂಭವವಿಲ್ಲ. ಈ ಪತ್ರ ಬರೆಯುತ್ತಿರುವ ನಾನು ಅರುಪೆ, ನಕಲಾಲೆಯ ಶಿಶುಶಾಲೆಯ ಉಪಾಧ್ಯಾಯಿನಿ, ಎತಾಬೊ ಎಂಬವರ ಹೆಂಡತಿ, ಮತ್ತು ನಮ್ಮ ಹಟ್ಟಿಯಲ್ಲಿ ಯಾರಿಗೆ ಯಾರ ಮೇಲೆ ದೂರಿದ್ದರೂ ಅದನ್ನು ಮರ್ಯಾದೆಯ ಮಾತಿನಲ್ಲಿ ಕಾಗದಕ್ಕಿಳಿಸಿ ಕೊಡುವವಳು. ಜೋಳ ಹಂಚುವ ಕಚೇರಿಗೆ, ರಸ್ತೆ ಮಾಡುತ್ತೇವೆಂದು ಅಳತೆ ಹಿಡಿದು ಹೋದವರಿಗೆ, ಗೋಪುರ ನಿಲ್ಲಿಸಿ ತರಂಗ ಕೊಡಲು ಮರೆತ ಫೋನಿನವರಿಗೆ ನಾನು ಬರೆದ ಪತ್ರಗಳು ಒಂದು ಕತ್ತೆಯ ಹೊರೆಯಾಗುವಷ್ಟಿವೆ. ಒಂದಕ್ಕೂ ಉತ್ತರ ಬಂದಿಲ್ಲ. ಉತ್ತರ ಬರೆಯದಿರಲು ನ್ಯಾಯವಾದ ಕಾರಣವಿರುವ ಮೊದಲ ವ್ಯಕ್ತಿ ತಾವೇ ಆದ್ದರಿಂದ ತಮ್ಮ ಮೇಲೆ ನನಗೆ ವಿಶೇಷ ಗೌರವವಿದೆ.

ವಿಷಯವನ್ನು ಸಂಕೋಚದಿಂದಲೇ ತಿಳಿಸಬೇಕಾಗಿದೆ: ತಾವು ಮಲಗಿರುವ ಜಾಗದ ಕಾಲಡಿಯಲ್ಲೇ ನಮ್ಮ ಕುಡಿಯುವ ನೀರಿನ ಒರತೆ ಇದೆ. ನಮ್ಮ ಹೊಳೆ ವರ್ಷದಲ್ಲಿ ನಾಲ್ಕು ದಿನ ಹರಿಯುತ್ತದೆ, ಉಳಿದ ದಿನಗಳಲ್ಲಿ ಮರಳಾಗಿರುತ್ತದೆ. ಆ ಮರಳಿನಲ್ಲಿ ಎಲ್ಲಿ ಬಗೆದರೆ ನೀರು ಜಿನುಗುತ್ತದೆಂದು ನನ್ನ ಅತ್ತೆಯ ಅತ್ತೆ ಮೂಗಿನಲ್ಲೇ ಹಿಡಿದು ಹೇಳಿದ್ದರಂತೆ, ಅಂದಿನಿಂದ ಅದು ನಮ್ಮದು. ಒಬ್ಬಳು ತಳದಲ್ಲಿ ನಿಂತು ಬೋಗುಣಿಯಲ್ಲಿ ತುಂಬಿಸಿ, ಇನ್ನೊಬ್ಬಳು ಸೊಂಟದ ಮಟ್ಟದಲ್ಲಿ ಇಸಿದುಕೊಂಡು, ಮೂರನೆಯವಳು ಮೇಲೆ ಹಳದಿ ಕ್ಯಾನಿಗೆ ಸುರಿಯುತ್ತಾ, ಗಂಡಂದಿರ ಮೇಲೆ ಕಟ್ಟಿದ ಹಾಡು ಹೇಳಿಕೊಂಡು ಬೆಳಗಿನ ಎರಡು ಗಂಟೆ ಹಾಯಾಗಿ ಕಳೆಯುತ್ತಿದ್ದೆವು. ಹದಿನೈದು ಲಕ್ಷ ವರ್ಷ ಈ ವ್ಯವಸ್ಥೆಗೆ ತಮ್ಮಿಂದ ಯಾವ ಅಡಚಣೆಯೂ ಆಗಿರಲಿಲ್ಲ.

ಅಡಚಣೆ ಶುರುವಾದದ್ದು ನನ್ನ ಗಂಡನಿಂದ. ಎತಾಬೊ ಸಂಶೋಧಕರ ಬಿಡಾರದಲ್ಲಿ ಮೂಳೆ ಹುಡುಕುವ ಕೆಲಸದಲ್ಲಿದ್ದಾರೆ. ಇಪ್ಪತ್ತು ಹೆಜ್ಜೆ ದೂರದಿಂದ ನುಚ್ಚುಗಲ್ಲುಗಳ ನಡುವೆ ಒಂದು ಹಲ್ಲಿನ ಚೂರನ್ನು ಗುರುತಿಸುವ ಕಣ್ಣು ಅವರದು, ಮನೆಯಲ್ಲಿ ಮಾತ್ರ ಎದುರಿಗೇ ನೇತುಹಾಕಿದ ಅಂಗಿ ಕಾಣುವುದಿಲ್ಲ. ಎರಡು ತಿಂಗಳ ಹಿಂದೆ ನನ್ನನ್ನು ಒರತೆಯಿಂದ ಕರೆದುಕೊಂಡು ಹೋಗಲು ಬಂದವರು, ಗುಂಡಿಯ ತಳದಲ್ಲಿದ್ದ ನನ್ನನ್ನು ಬಿಟ್ಟು ದಂಡೆಯ ಮಣ್ಣಿನಲ್ಲಿ ಇಣುಕುತ್ತಿದ್ದ ತಮ್ಮನ್ನು ನೋಡಿದರು. ಬಿಡಾರದ ಕಟ್ಟಳೆಯ ಪ್ರಕಾರ ಕಂಡ ಮೂಳೆಯನ್ನು ಮುಟ್ಟುವಂತಿಲ್ಲ, ಪಕ್ಕದಲ್ಲಿ ಗುರುತಿಗೆ ಮೂರು ಕಲ್ಲು ಪೇರಿಸಿ ಹೋಗಿ ಹೇಳಬೇಕು. ಪೇರಿಸಿದರು. ಫೋನಿನಲ್ಲಿ ಒಂದು ಫೋಟೋ ಹೊಡೆದರು. ನಾನು ಮೇಲೆ ಹತ್ತಿ ಬರುವಷ್ಟರಲ್ಲಿ ನನ್ನ ಕ್ಯಾನು ಅಲ್ಲೇ ಬಿಟ್ಟು ಬಿಡಾರಕ್ಕೆ ಓಡಿದ್ದರು, ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಬಿಡಾರದ ಜೀಪಿನ ಅಚ್ಚು ಮುರಿದಿತ್ತು, ಬರಲು ಆರು ದಿನ ಹಿಡಿಯಿತು. ನಮ್ಮ ಜನ ದಾರಿಯಲ್ಲಿ ಕಲ್ಲಿನ ಗುಪ್ಪೆ ಕಂಡರೆ ಅದು ಯಾರೋ ಹಿರಿಯರ ಗೋರಿಯೆಂದು ತಿಳಿದು, ತಾವೂ ಒಂದು ಕಲ್ಲಿಟ್ಟು, ಒಂದು ಚಿಟಿಕೆ ಹೊಗೆಸೊಪ್ಪು ಉದುರಿಸಿ, ಎರಡು ಒಳ್ಳೆಯ ಮಾತಾಡಿ ಮುಂದೆ ಹೋಗುವವರೆಂದು ತಮಗೆ ಬೇರೆ ಹೇಳಬೇಕಾಗಿಲ್ಲ, ಈ ಮರ್ಯಾದೆಯನ್ನು ತಾವೇ ಉಂಡಿದ್ದೀರಿ. ಮೊದಲ ಕಲ್ಲು ಇಟ್ಟವರು ನನ್ನ ಅತ್ತೆ ನವೊಯಿ. ಸಂಜೆ ಬಂದು, "ಹೊಳೇಲಿ ಯಾರೋ ಪಾಪ ಹೊಸದಾಗಿ ಮಲಗವ್ರೆ, ಮೂರೇ ಕಲ್ಲು ಇಟ್ಟವ್ರೆ ಕಣೆ, ಎಂಥಾ ಜಿಪುಣರ ಮನೆಯವರೋ" ಎಂದು ಮರುಗಿದರು. ಆ ಮೂರು ಕಲ್ಲಿಟ್ಟ ಜಿಪುಣ ಅವರ ಮಗನೇ ಎಂದು ನನಗಾಗ ಗೊತ್ತಿರಲಿಲ್ಲ, ಏಕೆಂದರೆ ಮಗರಾಯರು ಬಿಡಾರದಲ್ಲೇ ಉಳಿದಿದ್ದರು. ಅತ್ತೆಯ ಮಾತು ಕೇಳಿ ಹಟ್ಟಿಯವರೆಲ್ಲ ಹೋಗಿ ಕಲ್ಲಿಟ್ಟರು. ಮೇಕೆ ಮಾರಲು ಲೋದ್ವಾರಿಗೆ ಹೊರಟಿದ್ದವರು ಇಟ್ಟರು. ಎರಡನೆಯ ದಿನ ಮೊಣಕಾಲಿನೆತ್ತರ, ನಾಲ್ಕನೆಯ ದಿನ ಸೊಂಟದೆತ್ತರ. ಆರನೆಯ ದಿನ ಬಿಡಾರದ ಮುಖ್ಯಸ್ಥ ಮುತಿಂದರು ಕೈಯಲ್ಲಿ ಪುಟ್ಟ ಕುಂಚ ಹಿಡಿದು ಬಂದಾಗ ಅವರ ಎದೆಮಟ್ಟದ ಕಲ್ಲುರಾಶಿಯಿತ್ತು, ತಾವು ಅದರಡಿಯಲ್ಲಿದ್ದಿರಿ.

ಮುತಿಂದರು ಸಮಾಧಾನದ ಮನುಷ್ಯ, ತೆಂಕಣ ಗುಡ್ಡಗಾಡಿನ ಕಡೆಯವರು, ಮೂವತ್ತು ವರ್ಷದಿಂದ ನಮ್ಮ ಬಿಸಿಲಲ್ಲಿ ಮೂಳೆ ಒರೆಸಿದವರು. ಇದು ಗೋರಿಯಲ್ಲ, ಗುರುತಿನ ಕಲ್ಲು, ತೆಗೆದುಬಿಡಿ ಎಂದು ಮೆತ್ತಗೆ ಹೇಳಿದರು. ಬಹುಶಃ ಜನ ಒಪ್ಪುತ್ತಿದ್ದರೇನೋ. ಆದರೆ ಆ ಹೊತ್ತಿಗೆ ನನ್ನ ಗಂಡ ಹೆಮ್ಮೆಯಿಂದ ಫೋನು ತೆಗೆದು ತಮ್ಮ ಫೋಟೋ ತೋರಿಸಿಬಿಟ್ಟರು, ಮತ್ತು ಆ ಫೋಟೋದಲ್ಲಿ ತಮ್ಮ ಕೆಳದವಡೆಯ ಮುಂದಿನ ಎರಡು ಹಲ್ಲುಗಳು ಇರಲಿಲ್ಲ. ನಮ್ಮಲ್ಲಿ ದೊಡ್ಡವರಾಗುವ ಮೊದಲು ಆ ಎರಡು ಹಲ್ಲು ಕೀಳಿಸುವುದು ಹಿಂದಿನಿಂದ ಬಂದದ್ದು. ದವಡೆ ಕಚ್ಚಿಕೊಳ್ಳುವ ರೋಗ ಬಂದರೆ ಆ ಸಂದಿಯಿಂದ ಹಾಲು ಹುಯ್ಯಬಹುದು. ನಮ್ಮ ಹಿರಿಯ ಲೊಕಪೆಲ್ ಫೋನನ್ನು ಮೂಗಿಗೆ ತಾಗಿಸಿಕೊಂಡು ನೋಡಿ, ತಮ್ಮದೇ ಬಾಯಿಯ ಸಂದಿಯನ್ನೂ ಬೆರಳಲ್ಲಿ ಮುಟ್ಟಿ ನೋಡಿಕೊಂಡು, "ಲೇ, ಇವ್ನು ನಮ್ಮವನೇ ಕಣ್ರೋ!" ಎಂದು ಕೂಗಿಬಿಟ್ಟರು. ಸತ್ತಮೇಲೆ ಹಲ್ಲು ಉದುರಿ ನೀರಲ್ಲಿ ಕೊಚ್ಚಿಹೋಗಿದೆಯೆಂದು ಮುತಿಂದರು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. "ಹೌದಪ್ಪಾ, ಸರಿಯಾಗಿ ನಮಗೆ ಬೇಕಾದ ಎರಡೇ ಕೊಚ್ಕೊಂಡು ಹೋಯ್ತು, ನೀರಿಗೂ ನಮ್ಮ ಪದ್ಧತಿ ಗೊತ್ತಿತ್ತು ನೋಡು" ಎಂದು ಲೊಕಪೆಲ್ ನಕ್ಕರು. ಅಂದು ಸಂಜೆಗೆ ಮೂರು ಬಳಗದವರು ತಾವು ತಂತಮ್ಮ ತಾತನೆಂದು ಬೇರೆ ಬೇರೆಯಾಗಿ ಸಾಕ್ಷಿ ನುಡಿದರು. ಇಷ್ಟು ನೆಂಟರನ್ನು ಒಂದೇ ದಿನ ಸಂಪಾದಿಸಿದ ಇನ್ನೊಬ್ಬರನ್ನು ನಾನು ಕಂಡಿಲ್ಲ, ಅಭಿನಂದನೆಗಳು.

ನಮ್ಮವನೆಂದಮೇಲೆ ಗೋರಿಯ ಕಲ್ಲು ತೆಗೆಯುವಂತಿಲ್ಲ, ಗೋರಿಯ ಬುಡದಲ್ಲಿ ಅಗೆಯುವಂತೆಯೂ ಇಲ್ಲ ಎಂದು ಲೊಕಪೆಲ್ ತೀರ್ಪು ಕೊಟ್ಟರು. ಕಲ್ಲು ತೆಗೆಯದೆ ದವಡೆ ಎತ್ತುವಂತಿಲ್ಲ, ದವಡೆ ಎತ್ತುವ ತನಕ ಅದರ ಸುತ್ತ ಯಾರೂ ಮಣ್ಣು ಕೆದಕುವಂತಿಲ್ಲವೆಂದು ಮುತಿಂದರು ಕೆಂಪು ಪಟ್ಟಿ ಸುತ್ತಿದರು. ಚಂದ್ರನ ಬಗ್ಗೆ, ಮಳೆಯ ಬಗ್ಗೆ, ಮನುಷ್ಯ ಎಲ್ಲಿಂದ ಬಂದನೆಂಬುದರ ಬಗ್ಗೆ ಒಂದು ದಿನವೂ ಒಮ್ಮತಕ್ಕೆ ಬಾರದ ಈ ಇಬ್ಬರು, ಹೆಂಗಸರು ಅಲ್ಲಿ ನೀರು ಸೇದಬಾರದೆಂಬ ಒಂದು ವಿಷಯದಲ್ಲಿ ಹಾಲು ಸಕ್ಕರೆಯಂತೆ ಬೆರೆತುಹೋದರು. ಬಿಡಾರದಲ್ಲಿ ನೀರಿನ ತೊಟ್ಟಿ ಇಲ್ಲವೇ ಎಂದು ತಾವು ಕೇಳಬಹುದು. ಇದೆ, ಅವರಿಗೇ ಸಾಲದು. ಸರೋವರವಿಲ್ಲವೇ ಎನ್ನಬಹುದು, ಅದೂ ಇದೆ, ಆದರೆ ಅದರ ನೀರು ಚೌಳು, ಕುಡಿದರೆ ಹೊಟ್ಟೆ ಕೆಟ್ಟು ಹಲ್ಲು ಕಂದಾಗುತ್ತದೆ. ಹೀಗಾಗಿ ನಾವು ಕರಿಗುಡ್ಡದಾಚೆಯ ಒರತೆಗೆ ನಡೆಯುತ್ತಿದ್ದೇವೆ, ಹೋಗಲು ಎರಡು ಗಂಟೆ, ತುಂಬಿದ ಕ್ಯಾನು ಹೊತ್ತು ಬರಲು ಮೂರು. ನನ್ನ ಶಾಲೆಯಲ್ಲಿ ಮೂವತ್ತೊಂದು ಮಕ್ಕಳಿದ್ದವು, ಈಗ ಒಂಬತ್ತು ಬರುತ್ತವೆ, ಮಿಕ್ಕವು ಅಮ್ಮಂದಿರ ಹಿಂದೆ ಪುಟ್ಟ ಡಬ್ಬಿ ಹಿಡಿದು ಗುಡ್ಡ ಹತ್ತುತ್ತಿವೆ. ಹೋದ ವಾರ ಅತ್ತೆ ಆ ಇಳಿಜಾರಿನಲ್ಲಿ ಜಾರಿ ಬಿದ್ದರು. ಮೊಣಕಾಲು ಸೋರೆಬುರುಡೆಯಷ್ಟು ಊದಿತ್ತು. ಅವರು ಅತ್ತದ್ದು ಮೊಣಕಾಲಿಗಲ್ಲ, ಚೆಲ್ಲಿದ ನೀರಿಗೆ. ಅದನ್ನು ನೋಡಿದ ದಿನ ನನಗೆ ತಮ್ಮ ಮೇಲೆ ನಿಜವಾಗಿಯೂ ಸಿಟ್ಟು ಬಂತು.

ಸಿಟ್ಟನ್ನು ಆರಿಸಲೋ ಏನೋ, ಮುತಿಂದರು ಹಟ್ಟಿಯ ಹೆಂಗಸರನ್ನೆಲ್ಲ ಜಾಲಿಮರದಡಿ ಕೂರಿಸಿ ಸಕ್ಕರೆ ಸುರಿದ ಚಹಾ ಕೊಟ್ಟು, ತಾವು ಯಾವೆಲ್ಲ ಮಹತ್ಕಾರ್ಯ ಮಾಡಿದ್ದೀರಿ ಎಂದು ವಿವರಿಸಿದರು. ಅಲ್ಲಿಯತನಕ ನನಗಿದ್ದುದು ಒಂದೇ ದೂರು; ಎದ್ದು ಬರುವಾಗ ದೂರುಗಳು ಮರಿ ಹಾಕಿದ್ದವು. ಕಾಡು ತೆಳ್ಳಗಾಗಿ ಬಯಲು ಹೆಚ್ಚಾದಾಗ ತಮ್ಮ ಕಡೆಯವರು ಮರ ಬಿಟ್ಟು ಇಳಿದು ಎರಡು ಕಾಲ ಮೇಲೆ ನಿಂತರಂತೆ, ಅದರಿಂದ ಕೈಗಳಿಗೆ ಬಿಡುವು ಸಿಕ್ಕಿತಂತೆ. ಎಂಥ ದೂರದೃಷ್ಟಿ! ಬಿಡುವಾದ ಕೈಯನ್ನು ಕಂಡ ಕೂಡಲೇ ಯಾರೋ ಅದಕ್ಕೊಂದು ಕೆಲಸ ಹಚ್ಚಿದರು, ಆ ಕೆಲಸ ಇವತ್ತಿನ ತನಕ ಮುಗಿದಿಲ್ಲ. ನೆಟ್ಟಗೆ ನಿಂತ ತಲೆ ಕಂಡವರು ಅದರ ಮೇಲೆ ಇಪ್ಪತ್ತು ಲೀಟರಿನ ಕ್ಯಾನು ಇಟ್ಟರು. ನಾಲ್ಕು ಕಾಲಿನ ಬೆನ್ನನ್ನು ಹಾಗೇ ಎತ್ತಿ ನಿಲ್ಲಿಸಿದ್ದರಿಂದ ಸೊಂಟದ ಬಳಿ ಒಂದಿಷ್ಟು ತೊಂದರೆ ಉಳಿದುಕೊಂಡಿದೆಯೆಂದು ಮುತಿಂದರು ಒಪ್ಪಿಕೊಂಡರು. ಆ ಒಂದಿಷ್ಟು ತೊಂದರೆಯನ್ನು ನಾನು ದಿನಾ ಗುಡ್ಡ ಹತ್ತಿಸಿ ಇಳಿಸುತ್ತಿದ್ದೇನೆ.

ಹೆರಿಗೆಯ ಮಾತು ಎತ್ತುವುದು ಹಿರಿಯರೆದುರು ಸರಿಯಲ್ಲ, ಆದರೂ ಎತ್ತುತ್ತೇನೆ. ನಡೆಯಲು ಅನುಕೂಲವೆಂದು ಸೊಂಟ ಕಿರಿದು ಮಾಡಿದಿರಿ, ಯೋಚಿಸಲು ಅನುಕೂಲವೆಂದು ತಲೆ ಹಿರಿದು ಮಾಡಿದಿರಿ, ಒಂದರೊಳಗಿಂದ ಇನ್ನೊಂದು ಬರಬೇಕೆಂಬುದನ್ನು ಯಾರಾದರೂ ಒಬ್ಬರು ಯೋಚಿಸಿದ್ದರೆ ಚೆನ್ನಾಗಿತ್ತು. ನಮ್ಮ ಮೇಕೆ ಮೇಯುತ್ತಾ ಮೇಯುತ್ತಾ ಈದು ಮತ್ತೆ ಮೇಯುತ್ತದೆ. ನಾನು ಎತಾಬೊನ ಮಗನನ್ನು ಹೆರಲು ಎರಡು ಹಗಲು ಒದ್ದಾಡಿದೆ, ಮತ್ತು ಅಷ್ಟು ಕಷ್ಟಪಟ್ಟು ಹೊರಬಂದ ಆ ದೊಡ್ಡ ತಲೆ ತನ್ನ ಅಪ್ಪನ ಹಾಗೆಯೇ ಎದುರಿಗಿರುವ ಅಂಗಿಯನ್ನು ಹುಡುಕುತ್ತಿದೆ. ತಿಂದದ್ದರಲ್ಲಿ ಐದರಲ್ಲೊಂದು ಪಾಲನ್ನು ಈ ಮಿದುಳೇ ನುಂಗುತ್ತದಂತೆ. ಆ ಪಾಲಿನ ಹಾಲನ್ನು ಒಂಟೆಮರಿಗೆ ಕುಡಿಸಿದ್ದರೆ ನಮಗೆ ಇಷ್ಟರಲ್ಲಿ ಒಂದು ಹಿಂಡಿರುತ್ತಿತ್ತು. ಹಾಲೆಂದಾಗ ನೆನಪಾಯಿತು, ದೊಡ್ಡವರಾದಮೇಲೂ ಹಾಲು ಅರಗಿಸಿಕೊಳ್ಳುವ ಶಕ್ತಿ ತಮ್ಮ ಕೊಡುಗೆಯಲ್ಲವಂತೆ, ಅದು ತೀರಾ ಈಚೆಗೆ ದನ ಕಟ್ಟಿದವರು ಸಂಪಾದಿಸಿದ್ದಂತೆ. ಇದ್ದ ಒಂದು ಒಳ್ಳೆಯ ಗುಣವೂ ತಮ್ಮ ಲೆಕ್ಕಕ್ಕೆ ಬರಲಿಲ್ಲವೆಂದು ನನಗೆ ಬೇಸರವಾಯಿತು.

ಆದರೆ ಎಲ್ಲಕ್ಕಿಂತ ದೊಡ್ಡ ಉಪಕಾರ ಬೆವರು. ಮುತಿಂದರು ಇದನ್ನು ಹೇಳುವಾಗ ಅವರ ಕಣ್ಣು ಮಿನುಗುತ್ತಿತ್ತು. "ನೋಡೀಮ್ಮಾ, ನಡುಮಧ್ಯಾಹ್ನ ಸಿಂಹಾನೂ ನೆರಳಲ್ಲಿ ಬಿದ್ಕೊಂಡಿರುತ್ತೆ. ನಮ್ಮ ಹಿರೀಕ ಮಾತ್ರ ಆ ಬಿಸಿಲಲ್ಲಿ ಓಡ್ತಿದ್ದ. ಮೈಮೇಲಿನ ಕೂದಲು ಉದುರಿಸ್ಕೊಂಡ, ಧಾರಾಳ ಬೆವರಿದ, ಮೈ ತಣ್ಣಗಾಯ್ತು, ಗೆದ್ದ!" ಎಂದರು. ಅತ್ತೆ ಊದಿದ ಕಾಲು ನೀವಿಕೊಳ್ಳುತ್ತಾ, "ಅಂದ್ರೆ ಸಿಂಹಕ್ಕಿರೋಷ್ಟು ಬುದ್ಧೀನೂ ಇರ್ಲಿಲ್ಲ ಅನ್ನು, ನೆರಳಲ್ಲಿ ಬಿದ್ಕೊಳ್ಳೋದು ಬಿಟ್ಟು" ಎಂದರು. ಮುತಿಂದರು ಚಹಾದ ಲೋಟದಲ್ಲಿ ಮುಖ ಮುಚ್ಚಿಕೊಂಡರು.

ನಾನು ನಗಲಿಲ್ಲ, ಏಕೆಂದರೆ ನನಗೆ ಆ ಕ್ಷಣ ತಮ್ಮ ಪೂರ್ತಿ ಏರ್ಪಾಡು ಅರ್ಥವಾಗಿಬಿಟ್ಟಿತು. ಒಂಟೆಗೆ ಎರಡು ವಾರ ನೀರು ಬೇಡ. ಕತ್ತೆ ಎರಡು ದಿನ ತಡೆಯುತ್ತದೆ. ಬಯಲಿನ ಚಿಗರಿಗಳಲ್ಲಿ ಕೆಲವು ಎಲೆಯ ಪಸೆಯಲ್ಲೇ ಕಾಲ ಹಾಕುತ್ತವೆ. ನೆಲ ಒಣಗುತ್ತಾ ಬಂದ ಕಾಲದಲ್ಲಿ, ಇಡೀ ಬಯಲಿನ ಪ್ರಾಣಿಗಳೆಲ್ಲ ನೀರನ್ನು ಮೈಯಲ್ಲಿ ಬಚ್ಚಿಡುವುದು ಹೇಗೆಂದು ಕಲಿಯುತ್ತಿದ್ದಾಗ, ಸೋರುವ ಮೈಯನ್ನು ಆರಿಸಿಕೊಂಡವರು ತಾವೊಬ್ಬರೇ. ಸೋರುವ ಮೈ ನಮಗೆ ಕೊಟ್ಟು, ದಿನಾ ಅದನ್ನು ತುಂಬಿಸಬೇಕೆಂಬ ಕರಾರು ಹಾಕಿ, ಆಮೇಲೆ ಬಂದು ಒರತೆಯ ನೆತ್ತಿಯ ಮೇಲೆ ಮಲಗಿದ್ದೀರಿ. ಇಷ್ಟು ಅಚ್ಚುಕಟ್ಟಾಗಿ ಜನರನ್ನು ಸತಾಯಿಸುವುದು ಜೋಳ ಹಂಚುವ ಕಚೇರಿಗೂ ಸಾಧ್ಯವಾಗಿಲ್ಲ.

ಆದ್ದರಿಂದ ನನ್ನ ಬಿನ್ನಹಗಳನ್ನು ದಯವಿಟ್ಟು ಪರಿಶೀಲಿಸಬೇಕು. ತಾವು ಎದ್ದು ಹತ್ತು ಹೆಜ್ಜೆ ಮೇಲಕ್ಕೆ ಹೋಗಿ ಮಲಗಿದರೆ ಎಲ್ಲವೂ ಸರಿಹೋಗುತ್ತದೆ. ನಡೆಯುವುದರಲ್ಲಿ ತಮಗಿರುವ ಖ್ಯಾತಿ ಕೇಳಿದಮೇಲೆ ಇದು ದೊಡ್ಡ ಮಾತಾಗಲಾರದು. ಅದಾಗದಿದ್ದರೆ ನಮ್ಮ ಬೆನ್ನಿಗೆ, ಹೇಗೂ ನೋಯುತ್ತಿದೆ, ಒಂಟೆಯ ಡುಬ್ಬ ಒಂದನ್ನು ಮಂಜೂರು ಮಾಡಿಸಬೇಕು. ಅದಕ್ಕೂ ಹತ್ತಾರು ಲಕ್ಷ ವರ್ಷ ಬೇಕೆಂದರೆ, ಮುಂದಿನ ಮಳೆಗಾಲದ ತನಕ ನಮ್ಮ ಹಟ್ಟಿಯ ಹೆಂಗಸರಿಗೆ ಮಾತ್ರ ಮತ್ತೆ ಮರ ಹತ್ತಲು ಅಪ್ಪಣೆ ಕೊಡಿ, ಗಂಡಸರು ನೆಲದಲ್ಲೇ ಇದ್ದು ಬೆವರುವುದನ್ನು ಮುಂದುವರಿಸಲಿ. ಬಾಲವನ್ನೂ ಹಿಂದಿರುಗಿಸಿದರೆ ಒಳ್ಳೆಯದು, ಎರಡು ಕೈಯಲ್ಲಿ ಕ್ಯಾನು ಹಿಡಿದಾಗ ನೊಣ ಹೊಡೆಯಲು ಏನೂ ಉಳಿಯುವುದಿಲ್ಲ.

ಈ ಪತ್ರ ಈಗಲೇ ಏಕೆಂದರೆ, ಇವತ್ತು ಬೆಳಗಿನ ಕೂಟದಲ್ಲಿ ಒಂದು ಘಟನೆ ನಡೆಯಿತು. ಲೊಕಪೆಲ್ ಜಾಲಿಮರದಡಿ ಪುಟ್ಟ ಮಣೆಯ ಮೇಲೆ ಕೂತಿದ್ದರು. ಅತ್ತೆ ಕುಂಟುತ್ತಾ ಹೋಗಿ ಅವರೆದುರು ನಿಂತು, "ಲೊಕಪೆಲ್, ಒಳಗಡೆ ಮಲಗಿರೋನು ನಮ್ಮವನು ತಾನೆ?" ಎಂದು ಕೇಳಿದರು. "ನಮ್ಮವನೇ. ಹಲ್ಲೇ ಹೇಳ್ತಲ್ಲ" ಎಂದರು ಲೊಕಪೆಲ್. "ನಮ್ಮವನು ಅಂದ್ಮೇಲೆ, ಮೊಮ್ಮಕ್ಕಳು ನೀರು ಕುಡೀಬೇಡಿ ಅಂತಾನಾ?" "ಛೆ, ಹಂಗೆಲ್ಲಾದ್ರೂ ಅಂತಾನಾ!" "ಸರಿ ಹಂಗಾದ್ರೆ, ನಾವು ಅಗೀತೀವಿ." ಲೊಕಪೆಲ್ ತಡವರಿಸಿ, "ಅಲ್ಲ ನವೊಯಿ, ಅವನಿಗೆ ಕೋಪ ಗೀಪ ಬಂದ್ರೆ?" ಎಂದರು. ಆಗ ಅತ್ತೆ ಹೇಳಿದ್ದನ್ನು ಅಕ್ಷರ ಬಿಡದೆ ಬರೆಯುತ್ತಿದ್ದೇನೆ: "ನೀರಿಗೆ ಕೋಪ ಮಾಡ್ಕೊಳ್ಳೋನು ನಮ್ಮವನಲ್ಲ. ನಮ್ಮವನಲ್ಲ ಅಂದ್ರೆ ಅದು ಗೋರಿ ಅಲ್ಲ. ಗೋರಿ ಅಲ್ಲ ಅಂದ್ರೆ ಬರೀ ಕಲ್ಲು. ಬರೀ ಕಲ್ಲು ಪಕ್ಕಕ್ಕಿಡೋಕೆ ನಾನು ನಿನ್ನ ಯಾಕಯ್ಯಾ ಕೇಳ್ಲಿ?"

ಲೊಕಪೆಲ್ ಎದ್ದು, ಮಣೆಯನ್ನು ಮರದ ಆ ಬದಿಗೆ ಒಯ್ದು, ನಮಗೆ ಬೆನ್ನು ಮಾಡಿ ಕೂತರು. ಅಲ್ಲಿಂದಲೇ, "ಆಯ್ತು, ಮಾಡ್ಕೊಳ್ರಿ. ಆದ್ರೆ ಹೇಳಿ ಮಾಡಿ. ಹೇಳ್ದೆ ಕೇಳ್ದೆ ಮೈಮೇಲಿನ ಕಲ್ಲು ಕಿತ್ರು ಅನ್ನೋ ಮಾತು ಬರಬಾರ್ದು" ಎಂದರು. ಅಲ್ಲೇ ಇದ್ದ ಮುತಿಂದರು, ಕಲ್ಲುಗಳನ್ನು ಬಿಡಾರದವರ ಕಣ್ಣೆದುರೇ ಒಂದೊಂದಾಗಿ ಇಳಿಸಬೇಕು, ದವಡೆಯನ್ನು ನಾವೇ ಎತ್ತಿ ಪೆಟ್ಟಿಗೆಯಲ್ಲಿಡುತ್ತೇವೆ, ಆಮೇಲೆ ಪಟ್ಟಿ ಬಿಚ್ಚುತ್ತೇವೆ ಎಂದರು, ಮತ್ತು ತಿಳಿಸಿದ್ದಕ್ಕೆ ಕಡತದಲ್ಲಿ ಒಂದು ಬರಹ ಇರಲಿ ಎಂದರು. ಆ ಬರಹ ಇದೇ. ನಾಳೆ ಬಿಸಿಲೇರುವ ಮೊದಲು ನಾವು ಬೋಗುಣಿ ಕ್ಯಾನುಗಳೊಂದಿಗೆ ಬರುತ್ತಿದ್ದೇವೆ. ಆಕ್ಷೇಪಣೆ ಇದ್ದರೆ ಅದಕ್ಕೆ ಮೊದಲೇ ದಯವಿಟ್ಟು ಬಾಯಿ ಬಿಡಬೇಕು.

ಕೂಟ ಮುಗಿದಮೇಲೆ ನಾನು ಮುತಿಂದರನ್ನು ಒಂದು ಮಾತು ಕೇಳಿದೆ: ಇಷ್ಟು ದೊಡ್ಡ ಬಯಲಿನಲ್ಲಿ ಇವರಿಗೆ ಸಾಯಲು ನಮ್ಮ ಒರತೆಯೇ ಬೇಕಿತ್ತೇ? ಅವರು ನನ್ನನ್ನು ದಂಡೆಗೆ ಕರೆದೊಯ್ದು, ತಾವು ಮಲಗಿರುವ ಕಡೆಯ ಮಣ್ಣನ್ನು ಬೆರಳಲ್ಲಿ ಉಜ್ಜಿ ತೋರಿಸಿದರು, ನಯವಾದ ಹಳೆಯ ಮರಳು. "ಆಗಲೂ ಇಲ್ಲಿ ಹೊಳೆನೇ ಇತ್ತಮ್ಮಾ. ಪಾಪ, ನೀರಿಗೇ ಬಂದಿರ್ಬೇಕು" ಎಂದರು. ಹಿರಿಯರೇ, ಅಲ್ಲಿಗೆ ನನ್ನ ಸಿಟ್ಟಿನ ಅರ್ಧ ಇಳಿಯಿತು. ಕೂದಲಿಲ್ಲದ ಮೈಯಲ್ಲಿ ಬೆವರು ಸುರಿಸುತ್ತಾ, ನಾಲಿಗೆ ಒಣಗಿಸಿಕೊಂಡು, ಈ ದಂಡೆ ಇಳಿದು ಬಂದು ತಾವು ಕುಡಿದಿರೋ ಕುಡಿಯುವ ಮೊದಲೇ ಬಿದ್ದಿರೋ ಗೊತ್ತಿಲ್ಲ. ಕುಡಿದೇ ಬಿದ್ದಿರಿ ಎಂದುಕೊಳ್ಳಲು ನನಗೆ ಇಷ್ಟ. ಉಳಿದರ್ಧ ಸಿಟ್ಟನ್ನು ಅತ್ತೆಯ ಮೊಣಕಾಲು ಇಳಿಯುವ ತನಕ ಇಟ್ಟುಕೊಂಡಿರುತ್ತೇನೆ.

ಇತಿ, ತಮ್ಮ ಸೋರುವ ಮೈಯನ್ನೇ ಹೊತ್ತು ತಿರುಗುತ್ತಿರುವ, ಅಲ್ಲಗಳೆಯಲು ಬಾರದಷ್ಟು ತಮ್ಮವಳೇ ಆದ,
ತಮ್ಮ ವಿಶ್ವಾಸಿ,
ಅರುಪೆ
(ನಕಲಾಲೆ ಹಟ್ಟಿಯ ಸಮಸ್ತ ಬಾಯಾರಿದವರ ಪರವಾಗಿ)

ಮರೆತ ಮಾತು: ಇದನ್ನು ಮರುದಿನ ಮಧ್ಯಾಹ್ನ ಸೇರಿಸುತ್ತಿದ್ದೇನೆ. ತಮ್ಮಿಂದ ಆಕ್ಷೇಪಣೆ ಬಾರದ್ದರಿಂದ ಕಲ್ಲುಗಳು ಇಳಿದವು, ತಾವು ಹತ್ತಿಯ ಹಾಸಿಗೆಯ ಪೆಟ್ಟಿಗೆಯಲ್ಲಿ ಜೀಪು ಹತ್ತಿದಿರಿ, ಕೆಂಪು ಪಟ್ಟಿ ಬಿಚ್ಚಲಾಯಿತು. ಹೊರಡುವಾಗ ಮುತಿಂದರು, ಇದೇ ಜಾಗದಲ್ಲಿ ಇನ್ನೊಂದೇ ಒಂದು ಮೂಳೆ ಸಿಕ್ಕರೂ ಸಾಕು, ಇಡೀ ಹೊಳೆಗೆ ಬೇಲಿ ಹಾಕಿ ಮೂರು ವರ್ಷ ಅಗೆಯುತ್ತೇವೆ ಎಂದು ಬಹಳ ಆಸೆಯಿಂದ ಹೇಳಿ ಹೋದರು. ಆಮೇಲೆ ನಾವು, ಮರಳು ತುಂಬಿ ಮುಚ್ಚಿಹೋಗಿದ್ದ ಒರತೆಯನ್ನು ಈ ಸಲ ದಂಡೆಯ ಕಡೆಗೆ ಸ್ವಲ್ಪ ಸರಿದು ತೋಡಿದೆವು. ಸೊಂಟದಾಳದಲ್ಲಿ ನನ್ನ ಬೋಗುಣಿಗೆ ತಾಗಿದ್ದು ತಮ್ಮ ತೊಡೆಯ ಮೂಳೆಯೆಂದು ಕಾಣುತ್ತದೆ, ಬಲು ಉದ್ದವಾಗಿ ಚೆನ್ನಾಗಿದೆ. ನಾನು ಅತ್ತೆಯ ಮುಖ ನೋಡಿದೆ, ಅತ್ತೆ ಆಕಾಶ ನೋಡಿದರು. ಮರಳನ್ನು ಮೆಲ್ಲಗೆ ಮೇಲೆಳೆದು ಹೊದಿಸಿ ಎರಡು ಮೊಳ ಪಕ್ಕಕ್ಕೆ ತೋಡಿದೆವು. ನೀರು ಬಂತು, ಸಿಹಿಯಾಗಿದೆ. ಮುತಿಂದರಿಗೆ ನಮ್ಮ ಮಾತು ಬರುತ್ತದೆ, ಬರಹ ಓದಲು ಬಾರದು; ಆದ್ದರಿಂದ ಕಡತಕ್ಕೆ ಹಾಕುವ ಮೊದಲು ಈ ಪತ್ರವನ್ನು ನಾನೇ ಅವರಿಗೆ ಓದಿ ಹೇಳಬೇಕಾಗಿದೆ, ಮತ್ತು ಸರಿಯಾಗಿ ಈ ಸಾಲುಗಳು ಬರುವ ಹೊತ್ತಿಗೆ ನನಗೆ ತುಂಬ ಕೆಮ್ಮು ಬರಲಿದೆ.